ಪಾವಿನಡಿ ನುಸುಳಿದ ನರ್ಸಮ್ಮ

ಆಗ ನನಗೆ ಐವತ್ತೆಂಟು. ಹನ್ನೆರಡು ವರ್ಷದ ಹಿಂದಿನ ಮಾತು. ಮೊನ್ನೆ ಮೊಣಕಾಲಿಗೆ ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋದಾಗ ಸ್ಪಿರಿಟ್ ಹತ್ತಿಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಗಂಜಿಯ ವಾಸನೆಯೂ ಬಂದ ಹಾಗಾಯಿತು. ಆಸ್ಪತ್ರೆಯಲ್ಲಿ ನೂಲಿನ ಗಂಜಿ ಎಲ್ಲಿಂದ ಬರಬೇಕು... ಆ ಎರಡು ವಾಸನೆಯೂ ನನಗೆ ಒಬ್ಬಳದೇ ನೆನಪು.

ನಮ್ಮದು ತಮಿಳುನಾಡಿನ ಮಡತ್ತುಕುಳಂ ಹತ್ತಿರದ, ಕನ್ನಡ ಮಾತಾಡುವ ನೇಕಾರರ ಬೀದಿ. ಎದುರುಮನೆಗೆ ಬಾಡಿಗೆಗೆ ಬಂದವಳು ನರ್ಸಮ್ಮ, ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಜನವೇ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಬೀದಿಯವರು ಅವಳ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಬ್ಬರಿಗೆ ಬಿ.ಪಿ. ನೋಡಬೇಕು, ಇನ್ನೊಬ್ಬರಿಗೆ ಕಟ್ಟು ಬದಲಾಯಿಸಬೇಕು. ಜೊತೆಯ ಹುಡುಗಿಯರು ಒಬ್ಬೊಬ್ಬರಾಗಿ ಕೆಲಸ ಬಿಟ್ಟುಹೋದಮೇಲೆ ಅವರ ಪಾಳಿಯೂ ಇವಳ ತಲೆಗೇ ಬಂತು. ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು.

ಒಂದು ದಿನ ಬಂದು ಹೇಳಿದಳು, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿದ ಬಟ್ಟೆ ನೋಡುವ ಚೆಕಿಂಗ್ ಕೆಲಸ ಸಿಕ್ಕಿದೆ, ಕೂತು ಮಾಡುವ ಕೆಲಸ, ಹಗಲು ಮಾತ್ರ, ಆಸ್ಪತ್ರೆಗೆ ಬರುವುದಿಲ್ಲ ಎಂದು ಹೇಳಿ ಬಂದಿದ್ದೇನೆ ಎಂದು. ಬೀದಿಯೇ ಎದ್ದು ನಿಂತಿತು. ಕಲಿತ ವಿದ್ಯೆ ಹಾಳು ಮಾಡ್ತೀಯಾ, ಪುಣ್ಯದ ಕೆಲಸ ಬಿಡ್ತೀಯಾ ಎಂದರು. ಮೊದಲ ದಿನವೇ ಕರೆದೊಯ್ಯುವ ವ್ಯಾನ್ ತಪ್ಪಿಸಿದರೆ ಆ ಜಾಗ ಇನ್ನೊಬ್ಬಳಿಗೆ ಎಂದು ಕಂಪನಿಯವರು ಮೊದಲೇ ಹೇಳಿದ್ದರು.

ಅವಳು ಹೊಸ ಕೆಲಸಕ್ಕೆ ಹೊರಡುವ ಮೊದಲ ಬೆಳಿಗ್ಗೆ ಬೀದಿಯುದ್ದಕ್ಕೂ ನಮ್ಮ ಪಾವು ಹಾಸಿತ್ತು. ಮಗ್ಗಕ್ಕೆ ಏರಿಸುವ ಮೊದಲು ಉದ್ದನೆಯ ನೂಲನ್ನು ಬೀದಿಯಲ್ಲಿ ಬಿಗಿದು ಗಂಜಿ ಹಚ್ಚುತ್ತೇವಲ್ಲ, ಅದೇ ಪಾವು. ಅದನ್ನು ಯಾರೂ ದಾಟುವುದಿಲ್ಲ, ಅಡಿಯಲ್ಲೂ ನುಸುಳುವುದಿಲ್ಲ. ಎಷ್ಟೇ ಅವಸರವಿದ್ದರೂ ಕೊನೆ ಸುತ್ತಿಕೊಂಡೇ ಹೋಗಬೇಕು. ನರ್ಸಮ್ಮನೂ ಹಾಗೇ ಹೊರಟಿದ್ದಳು. ಅಷ್ಟರಲ್ಲಿ ಆಚೆ ಬದಿಯಲ್ಲಿ, ನನ್ನ ಪಕ್ಕದಲ್ಲೇ ಗಂಜಿ ಹಚ್ಚುತ್ತಿದ್ದ ಪಕ್ಕದಮನೆ ತಾತ ಬೆವತು ಕುಸಿದು ಕೂತ. ಸಕ್ಕರೆ ಕಾಯಿಲೆಯವನು. ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಬಂದಿದ್ದ, ಮೈಯ ಸಕ್ಕರೆ ಇಳಿದುಹೋಗಿತ್ತು.

ನರ್ಸಮ್ಮ ಬಗ್ಗಿ ಪಾವಿನಡಿ ನುಸುಳಿಬಿಟ್ಟಳು. ಬ್ಯಾಗಿನ ಕೊಕ್ಕೆಗೆ ಸಿಕ್ಕಿ ಒಂದಷ್ಟು ಎಳೆ ಪಟಪಟನೆ ಹರಿದವು. ನನ್ನ ಕೈಯ ಕಾಫಿ ಕಿತ್ತು ತಾತನ ಬಾಯಿಗೆ ಹಿಡಿದಳು. "ಅಕ್ಕಾ, ಇನ್ನೂ ಸಕ್ಕರೆ ತಾ, ಬೇಗ!" ಎಂದು ಕೂಗಿದಳು. ಲೋಟ ಮುಗಿಯಿತು, ತಾತ ಕಣ್ಣು ಬಿಟ್ಟು, "ಅಬ್ಬಾ, ಎಷ್ಟು ದಿನ ಆಯ್ತಮ್ಮಾ ಸಿಹಿ ಕಾಫಿ ಕುಡ್ದು" ಎಂದ.

ಬೀದಿಯವರಿಗೆ ಅಷ್ಟೇ ಸಾಕಾಯಿತು. "ನೋಡ್ದ್ಯಾ ನರ್ಸಮ್ಮ, ಸಾಮಿಯೇ ತಡೆದ. ಬೇರೆ ಕೆಲಸ, ಬೇರೆ ವೇಲೆ ನಿನಗೆ ಒಗ್ಗೋದಿಲ್ಲ" ಎಂದಳು ತಾತನ ಸೊಸೆ.

"ತಾತಂಗೆ ಸಕ್ಕರೆ ಕೊಡೋಕೆ ನರ್ಸ್ ಯಾಕೆ ಬೇಕು? ನೀನೂ ಕೊಡಬಹುದಿತ್ತಲ್ಲ" ಎಂದಳು ಅವಳು. ಆದರೂ ಕಾಲು ಮುಂದೆ ಇಡಲಿಲ್ಲ. ದೊಡ್ಡ ರಸ್ತೆಯಲ್ಲಿ ಕಂಪನಿಯ ವ್ಯಾನ್ ಹಾರ್ನ್ ಹೊಡೆಯಿತು. ಹರಿದ ಎಳೆ ನೋಡಿದಳು, ನನ್ನ ಮುಖ ನೋಡಿದಳು.

"ಪಾವು ನಂದು, ಗಂಟು ಹಾಕ್ಕೋತೀನಿ. ನೀ ಓಡು" ಎಂದೆ.

ಓಡಿದಳು. ಆ ಉಬ್ಬಿದ ಕಾಲಲ್ಲೇ.

ಆಮೇಲೆ ಏಳೆಂಟು ವರ್ಷ ಎದುರುಮನೆಯಿಂದಲೇ ದಿನಾ ವ್ಯಾನಿನಲ್ಲಿ ಹೋಗಿಬಂದು ಅದೇ ಕಂಪನಿಯಲ್ಲಿದ್ದಳು, ಕೊನೆಗೆ ತಿರುಪ್ಪೂರಿಗೇ ಮನೆ ಬದಲಾಯಿಸಿದಳು. ನರ್ಸ್ ಆದವಳ ಮನಸ್ಸು ಬೇರೆಲ್ಲೂ ನಿಲ್ಲುವುದಿಲ್ಲ ಎನ್ನುವವರು ಅವಳು ಭಾನುವಾರ ಹೇಗೆ ನಿದ್ದೆ ಹೊಡೆಯುತ್ತಿದ್ದಳು ಎಂದು ನೋಡಿಲ್ಲ. ಮೊನ್ನೆ ನನಗೆ ಸೂಜಿ ಹಾಕಿದ ಹುಡುಗಿಯನ್ನೂ ಕೇಳಿದೆ, ಬೇರೆ ಕೆಲಸ ಸಿಕ್ಕರೆ ಇದನ್ನು ಬಿಡ್ತೀಯಾ ಎಂದು. ಸುತ್ತ ನೋಡಿ, "ಮೆಲ್ಲಗೆ ಕೇಳಿ ಪಾಟಿ" ಎಂದಳು, ತನ್ನ ಅಜ್ಜಿಯನ್ನು ಕರೆಯುವ ಹಾಗೆ. ಬಿಡುತ್ತಾರೆ. ಯಾಕೆ ಬಿಡಬಾರದು? ಕೂರಲು ಒಂದು ಕುರ್ಚಿ, ಮಲಗಲು ಒಂದು ರಾತ್ರಿ ಕೊಟ್ಟು ಆಮೇಲೆ ಪುಣ್ಯದ ಮಾತಾಡಲಿ.

ನರ್ಸಮ್ಮ ಹೋದ ವರ್ಷ ತೀರಿಕೊಂಡಳಂತೆ. ತಿರುಪ್ಪೂರಿನಲ್ಲೇ. ಸುದ್ದಿ ನನಗೆ ತಡವಾಗಿ ಬಂತು. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ, ಬೀದಿಯಲ್ಲಿ ಪಾವೂ ಹಾಸುವುದಿಲ್ಲ... ಅವಳಿರಬೇಕಿತ್ತು.

ಅವಳು ವ್ಯಾನ್ ಹತ್ತಿದ ಮರುದಿನ ನಾನು ನಸುಕಿನಲ್ಲೇ ಎದ್ದು ಅವಳ ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಬಿ.ಪಿ. ಎಂದು ಬಂದವರನ್ನೂ ಕಟ್ಟು ಎಂದು ಬಂದವರನ್ನೂ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಒಳಗೆ ಮಲಗಿದ್ದ ಅವಳು ವ್ಯಾನಿನ ಹೊತ್ತಿಗೆ ಏಳುವವರೆಗೂ ಒಬ್ಬರಿಗೂ ಬಾಗಿಲು ಬಡಿಯಲು ಬಿಡಲಿಲ್ಲ.