ತಲೆ ದಾಟದ ಮತ್ತಿ

ದುರ್ಗಿಗುಡಿಯ ಮನೆಯಲ್ಲಿ ಟ್ರಂಕು ಖಾಲಿ ಮಾಡುವಾಗ ಒಂದು ಅಲ್ಯೂಮಿನಿಯಂ ಬಿಲ್ಲೆ ಸಿಕ್ಕಿತು. ಮೇಲೆ ಕೊರೆದ ನಂಬರು, ಒಂದು ಅಂಚು ಸುಟ್ಟು ಕಪ್ಪಾಗಿದೆ. ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೆ ಹೊಗೆಯ ವಾಸನೆ ಇರಲು ಸಾಧ್ಯವಿಲ್ಲ. ಆದರೂ...

ನನ್ನ ಅಣ್ಣ ಭದ್ರಾವತಿಯ ಆಚೆ ಕುರುಚಲು ಕಾಡಿನಲ್ಲಿ ಅರಣ್ಯ ಇಲಾಖೆಯ ದಿನಗೂಲಿ ವಾಚರ್ ಆಗಿದ್ದ. ಮಳೆಗಾಲ ಮುಗಿದ ಮೇಲೆ ಮರಗಳಿಗೆ ಬಿಲ್ಲೆ ಹೊಡೆದು ಸುತ್ತಳತೆ ತೆಗೆಯುವುದೂ ಅವನ ಕೆಲಸ. ಅವನು ಟೇಪು ಹಿಡಿದು ಅಳತೆ ಕೂಗುತ್ತಿದ್ದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಬರೆದುಕೊಳ್ಳುತ್ತಿದ್ದೆ.

ಒಂದು ಇಳಿಜಾರಿನ ಮತ್ತಿ ಗಿಡಗಳು ಪ್ರತಿ ಬೇಸಿಗೆ ಬೆಂಕಿಗೆ ಸುಟ್ಟು, ಮಳೆಗೆ ಬುಡದಿಂದ ಚಿಗುರಿ, ಮರವೇ ಆಗದೆ ಉಳಿದಿದ್ದವು. ಅಣ್ಣ ನಾಲ್ಕು ವರ್ಷ ಸುತ್ತಲ ಹುಲ್ಲು ಹೆರೆದು ಬೆಂಕಿ ತಡೆದ. ಗಿಡಗಳು ಅವನ ಭುಜದವರೆಗೆ ಬಂದವು.

"ತಲೆ ದಾಟಿದ್ರೆ ಗೆದ್ವು ಮಾರಾಯ್ತಿ. ಆಮೇಲೆ ಬೆಂಕಿ ಕೆಳಗೇ ಹೋಗುತ್ತೆ, ತುದಿ ಮುಟ್ಟಲ್ಲ. ಇನ್ನೊಂದು ಮಳೆಗಾಲ ಸಾಕು."

"ನೀನೇ ಕುಳ್ಳ. ನಿನ್ನ ತಲೆ ದಾಟೋದೇನು ದೊಡ್ಡ ವಿಷ್ಯ?" ಎಂದು ರೇಗಿಸಿದ್ದೆ.

ಎಳೆಹುಲ್ಲು ಬರಲೆಂದು ನಮ್ಮಲ್ಲಿ ಸಂಕ್ರಾಂತಿ ಕಳೆದ ಮೇಲೆ ಒಣಹುಲ್ಲಿಗೆ ಬೆಂಕಿ ಇಡುತ್ತಿದ್ದರು. ಇಬ್ಬನಿಯ ಹಸಿಗೆ ಅದು ನಿಧಾನವಾಗಿ ಹರಿದು ತಾನೇ ಆರುತ್ತಿತ್ತು. ಆ ವರ್ಷ ಮಳೆ ಬೇಗ ಹೋಗಿತ್ತು, ಇಬ್ಬನಿಯೇ ಬಿದ್ದಿರಲಿಲ್ಲ. "ಈ ಸಲ ಹಚ್ಬೇಡ" ಎಂದಿದ್ದ ಅಣ್ಣ. ನಮ್ಮ ಹಸುವಿನ ಪಕ್ಕೆಲುಬು ಎಣಿಸುವಂತಿತ್ತು. ಹಚ್ಚಿದೆ. ಗಾಳಿ ಮತ್ತಿಯ ಇಳಿಜಾರಿನ ಕಡೆ ತಿರುಗಿತು.

ಮಧ್ಯಾಹ್ನವೆಲ್ಲ ಅಣ್ಣ ಹಸಿ ಕೊಂಬೆಯಿಂದ ಬೆಂಕಿ ಬಡಿದ. ಮತ್ತಿ ಗಿಡಗಳು ಕರಿ ಕಡ್ಡಿಗಳಾದವು. ಬುಡ ಟೊಳ್ಳಾಗಿದ್ದ ಒಂದು ದೊಡ್ಡ ಮರವೂ ಉರಿದು ಬಿತ್ತು. ಈ ಬಿಲ್ಲೆ ಅದರದ್ದು.

ಸಂಜೆ ಇಲಾಖೆಯ ಸಾಹೇಬರು ಬಂದು ಕೇಳಿದರು: "ಯಾರು ಹಚ್ಚಿದ್ದು?"

ನಾನು ಅಲ್ಲೇ ಇದ್ದೆ. ಸೆರಗಿನ ಗಂಟಿನಲ್ಲಿ ಬೆಂಕಿಪೊಟ್ಟಣ ಇತ್ತು.

"ನಾನೇ ಸಾರ್. ಬೀಡಿ ಎಸೆದ್ಬಿಟ್ಟೆ" ಎಂದ ಅಣ್ಣ.

ಅವನು ಬೀಡಿ ಸೇದಿದವನೇ ಅಲ್ಲ. ನಾನು ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಕೆಲಸ ಹೋಯಿತು. ಭದ್ರಾವತಿ ನ್ಯೂ ಟೌನಿನ ಯಾವುದೋ ಗೇಟಿನಲ್ಲಿ ಕಾವಲಿಗೆ ನಿಂತ. ಅಂದಿನ ಹೊಗೆಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಆ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ. ಸಾಹೇಬರ ಹತ್ತಿರ ಹೋಗಿ ನಿಜ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ... ಮೂರನೇ ವರ್ಷ ಅಣ್ಣ ತೀರಿಕೊಂಡ. ಇಲಾಖೆಯ ಕಡತದಲ್ಲಿ ಇಂದಿಗೂ ಅವನ ಹೆಸರೇ ಇದೆ.

ಹೋದ ವಾರ ಬಿಲ್ಲೆ ಹಿಡಿದು ಆ ಇಳಿಜಾರಿಗೆ ಹೋಗಿದ್ದೆ. ಹುಲ್ಲು ನನ್ನ ತಲೆ ಮುಟ್ಟುತ್ತದೆ. ಮತ್ತಿ ಎಷ್ಟು ಸಲ ಚಿಗುರಿ ಎಷ್ಟು ಸಲ ಸುಟ್ಟಿದೆಯೋ, ನನ್ನ ಮೊಣಕಾಲಿಗೂ ಬಂದಿಲ್ಲ. ಬಿಲ್ಲೆ ಹೊಡೆಯುವಷ್ಟು ದಪ್ಪದ ಒಂದು ಕಾಂಡವೂ ಸಿಗಲಿಲ್ಲ. ಬಿಲ್ಲೆಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ವಾಪಸ್ ಬಂದೆ.