ಚೌಕಾಶಿಗಾರನ ಕೊಟೇಶನ್

ಫೀ ಆರುನೂರಾ ಐವತ್ತು ರೂಪಾಯಿ. ಅದರ ಮೇಲೆ ರೋಣದಿಂದ ಗಜೇಂದ್ರಗಡಕ್ಕೆ ಹನ್ನೆರಡು ರವಿವಾರ ಹೋಗಿ ಬರುವ ಬಸ್ಸಿನ ಖರ್ಚು. ಆ ಹನ್ನೆರಡು ರವಿವಾರದ ದುಡಿಮೆಯೂ ಹೋಯಿತು, ಅದನ್ನು ಯಾರೂ ರಸೀದಿಯಲ್ಲಿ ಬರೆಯುವುದಿಲ್ಲ. ಫೀ ಕಟ್ಟುವಾಗ ಕಾಲೇಜಿನ ಕ್ಲಾರ್ಕ್‌ಗೆ ಐನೂರು ಮಾಡಿಕೊಳ್ಳಿ ಎಂದೆ. ಆತ ಕನ್ನಡಕ ಏರಿಸಿ, "ಸಂತ್ಯಾಗಿನ ಬದನಿಕಾಯಿ ಏನ್ರಿ ಇದು?" ಎಂದ. ಐನೂರಾ ಎಪ್ಪತ್ತೈದು ಎಂದೆ. ಆತ ರಸೀದಿ ಪುಸ್ತಕ ಮುಚ್ಚಿಟ್ಟ. ಕಡೆಗೆ ಪೂರಾ ಹಣ ಕೊಟ್ಟೆ, ಆದರೆ ಒಂದು ನೋಟ್‌ಬುಕ್ಕು ಪುಕ್ಕಟೆ ಇಸಿದುಕೊಂಡೇ ಎದ್ದೆ.

ಪತ್ರ ಬರೆಯುವುದನ್ನು ಕಲಿಯಲು ಇಷ್ಟು ಹಣ ಯಾಕೆ ಕೊಟ್ಟೆ ಎಂದು ನೀವು ಕೇಳಬಹುದು. ನಾನು ಗಾದಿ ಮಾಡುವವನು. ನಮ್ಮಪ್ಪ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಸವಡಿ, ಜಕ್ಕಲಿ ಎಂದು ಊರೂರು ತಿರುಗಿ, ಜನರ ಮನೆಯ ಅಂಗಳದಲ್ಲೇ ಹಳೆ ಗಾದಿ ಬಿಚ್ಚಿ, ಹಿಂಜಿ, ಮತ್ತೆ ಹೊಲಿದು ಕೊಡುತ್ತಿದ್ದ. ನಾನೂ ಹತ್ತು ವರ್ಷ ಅದೇ ಬಿಲ್ಲು ಹೊತ್ತೆ. ಆಮೇಲೆ ರೋಣದಲ್ಲಿ ಬಾಡಿಗೆಗೆ ಒಂದು ಅಂಗಡಿ ಹಿಡಿದು ಹಿಂಜುವ ಮಷೀನು ಕೂಡಿಸಿದೆ. ಬೇಸಿಗೆಯಲ್ಲಿ ಮದುವೆ ಕಾಲ, ಮಷೀನಿಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಮಳೆಗಾಲ ಬಂತೆಂದರೆ ಗಾದಿ ಹೊಲಿಸುವವರೇ ಇಲ್ಲ. ಅಷ್ಟರಲ್ಲಿ ಪೇಟೆಗೆ ಫೋಮಿನ ಗಾದಿಯೂ ಬಂದವು. ಮಳೆಗಾಲಕ್ಕೊಂದು ದೊಡ್ಡ ಆರ್ಡರ್ ಹಿಡಿಯಬೇಕು, ಇಲ್ಲವೆಂದರೆ ಮಷೀನು ಮಾರಿ ಮತ್ತೆ ಬಿಲ್ಲು ಹೊರಬೇಕು ಎನ್ನುವಲ್ಲಿಗೆ ಬಂದು ನಿಂತಿದ್ದೆ.

ಆಗ ನರಗುಂದದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನವರು ಎಂಬತ್ತು ಗಾದಿಗೆ ಕೊಟೇಶನ್ ಕರೆದರು. ನಾನು ಪತ್ರ ಬರೆದು ಕಳಿಸಿದೆ. ದರ ಎಷ್ಟು ಬರೆದೆ? ಒಂದೂವರೆ ಪಟ್ಟು. ನಮ್ಮ ಕಡೆ ಮೊದಲು ಹೇಳುವ ದರ ದರವೇ ಅಲ್ಲ, ಅದು ನಮಸ್ಕಾರ ಇದ್ದ ಹಾಗೆ. ಗಿರಾಕಿ ಅರ್ಧಕ್ಕೆ ಕೇಳುತ್ತಾನೆ, ಅದು ಆತನ ನಮಸ್ಕಾರ. ಅಲ್ಲಿಂದ ಮುಂದೆ ವ್ಯಾಪಾರ. ಚೌಕಾಶಿಗೆ ಕರೆಯುತ್ತಾರೆ ಎಂದು ನಾನು ಇಸ್ತ್ರಿ ಅಂಗಿ ತೆಗೆದಿಟ್ಟುಕೊಂಡು ಮೂರು ವಾರ ಕಾದೆ. ಯಾರೂ ಕರೆಯಲಿಲ್ಲ. ನಾನೇ ನರಗುಂದಕ್ಕೆ ಹೋದೆ.

ಹಾಸ್ಟೆಲ್ಲಿನ ವಾರ್ಡನ್ ನನಗಿಂತ ತುಸು ಹಿರಿಯ ಹೆಣ್ಣುಮಗಳು. ಮೂರು ಲಕೋಟೆ ಬಂದಿದ್ದವು, ಒಡೆದು ನೋಡಿ ಕಡಿಮೆ ಬರೆದವರಿಗೆ ಕೊಟ್ಟೆವು ಎಂದರು.

"ನನ್ನ ಕರದಿದ್ರ ಕಡಿಮಿ ಮಾಡ್ತಿದ್ದೆ ಅಲ್ರಿ ಅಕ್ಕಾರ."

"ಕಡಿಮಿ ಮಾಡಾಂವ ಇದ್ರ ಕಡಿಮೀನ ಬರೀಬೇಕಿಲ್ಲೇನ್ರಿ?"

ಮುಂದಿನ ವರ್ಷ ಹೊಸ ಕಟ್ಟಡಕ್ಕೆ ಮತ್ತೆ ಎಂಬತ್ತು ಗಾದಿ ಬೇಕಾಗುತ್ತವೆ, ಅಷ್ಟರೊಳಗೆ ಬರೆಯುವುದು ಕಲಿತುಕೊಳ್ಳಿ ಎಂದು ನಕ್ಕರು. ಅವರು ಚೇಷ್ಟೆಗೆ ಹೇಳಿದ್ದು, ನಾನು ಖರೇ ಎಂದು ಹಿಡಿದೆ. ಗಜೇಂದ್ರಗಡದ ಕಾಲೇಜೊಂದರಲ್ಲಿ ಹೊರಗಿನವರಿಗೂ ವ್ಯವಹಾರ ಬರವಣಿಗೆಯ ಮೂರು ತಿಂಗಳ ಕೋರ್ಸು ಇದೆ ಎಂದು ಗೊತ್ತಾಯಿತು. ಸೇರಿದೆ.

ತರಗತಿಯಲ್ಲಿ ಹೆಚ್ಚಿನವರು ಬಿ.ಕಾಂ. ಹುಡುಗ ಹುಡುಗಿಯರು. ಹೊರಗಿನಿಂದ ಬಂದವರು ಇಬ್ಬರೇ, ನಾನು ಮತ್ತು ಮುಶಿಗೇರಿಯಿಂದ ಬರುತ್ತಿದ್ದ ಒಬ್ಬ ಅಕ್ಕ. ಆಕೆ ಊರಿನ ಮಹಿಳಾ ಸಂಘದ ಹಪ್ಪಳ, ಸಂಡಿಗೆ ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ಕಲಿಸುವ ಮೇಡಂ ನನಗಿಂತ ಹತ್ತು ವರ್ಷ ಸಣ್ಣವರು.

ಅಲ್ಲಿ ಬಿರುಸಾದ ಇಂಗ್ಲಿಷ್ ಶಬ್ದ ತುಂಬಿ ಕಳಿಸುತ್ತಾರೆ ಎಂದುಕೊಂಡಿದ್ದೆ. ಆದದ್ದು ಉಲ್ಟಾ, ಇದ್ದ ಶಬ್ದಗಳನ್ನೇ ಕಸಿದುಕೊಂಡರು. ಮೊದಲ ವಾರ, ಹತ್ತಿ ವ್ಯಾಪಾರಿಗೆ ದರ ಕೇಳಿ ಪತ್ರ ಬರೆಯಿರಿ ಎಂದರು. ನಾನು ಒಂದೂವರೆ ಪುಟ ಬರೆದೆ. ನಾವು ಕ್ಷೇಮ, ನೀವೂ ಕ್ಷೇಮ ಇರಬೇಕು, ನಿಮ್ಮ ತಂದೆಯವರ ಮೊಣಕಾಲ ನೋವು ಹೇಗಿದೆ, ನಮ್ಮ ಕಡೆ ಹಿಂಗಾರಿ ಮಳೆ ಚಲೋ ಆಯಿತು. ದರ ಕೇಳಿದ್ದು ಸಹಿಯ ಕೆಳಗೆ, ಕಡೆಯ ಸಾಲಿನಲ್ಲಿ. ಒಮ್ಮೆಗೇ ದರ ಕೇಳಿದರೆ ಹಸಿದು ಬಂದವರ ಹಾಗೆ ಕಾಣುತ್ತದಲ್ಲ. ಮೇಡಂ ಅದನ್ನು ಪೂರಾ ಗಟ್ಟಿಯಾಗಿ ಓದಿ, ಇವರಿಗೆ ಏನು ಬೇಕಾಗಿದೆ ಎಂದು ತರಗತಿಯನ್ನು ಕೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಮೊಣಕಾಲಿಗೆ ಔಷಧರಿ" ಎಂದಳು. ನಾನೂ ನಕ್ಕೆ, ಏನು ಮಾಡಲಿ.

ಮುಂದಿನ ವಾರಗಳಲ್ಲಿ ದರ ಕೇಳುವ ಪತ್ರ, ಅದಕ್ಕೆ ಉತ್ತರ, ನೆನಪೋಲೆ, ಸಭೆಯ ನಡಾವಳಿ, ಹೀಗೆ ಒಂದಾದ ಮೇಲೊಂದು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಇಂದ, ಇವರಿಗೆ, ವಿಷಯ, ಉಲ್ಲೇಖ, ಇವು ಎಲ್ಲಿ ಕೂಡಬೇಕು ಎನ್ನುವುದಕ್ಕೇ ಎರಡು ರವಿವಾರ. ಬೇಸರ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ದೂರಿನ ಪತ್ರದ ದಿನ ಭಾಳ ಮಜಾ ಬಂತು. ಮುಶಿಗೇರಿಯ ಅಕ್ಕ ಕಮಟು ಎಣ್ಣೆ ಕಳಿಸಿದ ವ್ಯಾಪಾರಿಗೆ ಬರೆದಿದ್ದಳು. ಆತನ ಮನೆತನ ಮೂರು ತಲೆಮಾರಿನವರೆಗೆ ಹಾಳಾಗಲಿ ಎಂಬಲ್ಲಿಂದಲೇ ಪತ್ರ ಶುರು. ಮೇಡಂ ಅದನ್ನೆಲ್ಲ ಹೊಡೆದುಹಾಕಿ, ಎಷ್ಟು ಡಬ್ಬಿ, ಎಂದು ಬಂದವು, ಏನು ಮಾಡಿಕೊಡಬೇಕು, ಇಷ್ಟನ್ನೇ ಉಳಿಸಿದರು.

"ಬೈದದ್ದು ತಗದ್ರ ಉಳಿಯೂದೇನ್ರಿ ಮೇಡಂ?"

"ಎಣ್ಣಿ ಉಳೀತದ್ರಿ ಅಕ್ಕಾರ."

ಅಕ್ಕ ಒಲ್ಲದ ಮನಸ್ಸಿನಿಂದ ಆ ಪತ್ರವನ್ನೇ ಅಂಚೆಗೆ ಹಾಕಿದಳು. ಎರಡು ವಾರದಲ್ಲಿ ಡಬ್ಬಿ ಬದಲಾಗಿ ಬಂದವು.

ಎಂಟನೆಯ ರವಿವಾರ ಕೊಟೇಶನ್ನಿನ ಪಾಠ. ನಾನು ಅದಕ್ಕಾಗಿಯೇ ಬಂದವನು. ನನ್ನ ಕಾಗದದಲ್ಲಿ ದರ ಹಳೆಯ ಹಾಗೆಯೇ ಏರಿಸಿ ಬರೆದು, ಕೆಳಗೆ "ಎದುರಾಬದುರು ಕುಳಿತು ಮಾತಾಡಿದಲ್ಲಿ ಕಡಿಮೆ ಮಾಡಲಾಗುವುದು" ಎಂದು ಸೇರಿಸಿದ್ದೆ. ಹೋದ ವರ್ಷದ ತಪ್ಪು ತಿದ್ದಿದೆ ಎಂದೇ ನನ್ನ ಲೆಕ್ಕ. ಮೇಡಂ ಅದನ್ನು ಓದಿ, ನೀವು ಅಂಗಡಿಯಲ್ಲಿ ವ್ಯಾಪಾರ ಮಾಡುವುದು ಹೇಗೆ, ತುಸು ಮಾಡಿ ತೋರಿಸಿ ಎಂದರು. ನಾನು ಎದ್ದು ತೋರಿಸಿದೆ. ಗಿರಾಕಿ ದರ ಕೇಳಿದೊಡನೆ ಹುಬ್ಬು ಏರಿಸುವುದು, ನಿಟ್ಟುಸಿರು ಬಿಡುವುದು, ಹತ್ತಿಯನ್ನು ಕೂಸಿನ ತಲೆ ಸವರಿದ ಹಾಗೆ ಸವರುವುದು, ಚಹಾ ತರಿಸುವುದು, ಆತ ಹೊರಟರೆ ಎರಡು ಹೆಜ್ಜೆ ಹೋಗಲು ಬಿಟ್ಟು ಕರೆಯುವುದು. ಹುಡುಗರು ಬೆಂಚು ಬಡಿದು ನಕ್ಕರು.

"ಭಾಳ ಚಲೋ ಮಾಡಿದ್ರಿ ಅಣ್ಣಾರ" ಎಂದರು ಮೇಡಂ. "ಈಗ ಇದನ್ನೆಲ್ಲಾ ಲಕೋಟ್ಯಾಗ ಹಾಕ್ರಿ."

ನಾನು ಕಾಗದವನ್ನು ತಿರುವಿ ಮುರುವಿ ನೋಡಿದೆ.

"ಕಾಗದಕ್ಕ ಹುಬ್ಬಿಲ್ರಿ. ಕಡೀ ದರ ಮೊದಲ ಬರೀರಿ. ಆಮ್ಯಾಲೆ ಆ ದರಕ್ಕ ಅವರಿಗೆ ಏನೇನ್ ಸಿಗ್ತದ, ಅದನ್ನ ಬರೀರಿ."

ಹೇಳಲು ಹಗುರ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, ಕಡೆಯ ದರ ಮೊದಲೇ ಹೇಳಿದ ಮೇಲೆ ಬಾಯಿ ಯಾತಕ್ಕೆ ಬೇಕು ಎಂದ. ಹಾಸ್ಟೆಲ್ಲಿನವರು ಹೊಸ ಕಟ್ಟಡಕ್ಕೆ ಕೊಟೇಶನ್ ಕರೆದಾಗ ನಾನು ಅದೇ ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲ ಮೂರು ಸಲವೂ ಕೈ ತಾನೇ ಇಪ್ಪತ್ತು ರೂಪಾಯಿ ಏರಿಸಿ ಬರೆಯಿತು. ನಾಲ್ಕನೆಯ ಸಲ, ನನಗೆ ಗಿಟ್ಟುವ ಕಡೆಯ ದರ ಬರೆದೆ. ಅದರ ಕೆಳಗೆ, ಒಂದು ಗಾದಿಗೆ ಹತ್ತಿ ಏಳು ಕಿಲೋ. ನರಗುಂದಕ್ಕೆ ಸಾಗಿಸುವ ಖರ್ಚು ನಮ್ಮದು. ಒಂದು ವರ್ಷದ ಮೇಲೆ ಒಂದು ಸಲ ಪುಕ್ಕಟೆಯಾಗಿ ಹಿಂಜಿ ಹೊಲಿದು ಕೊಡುತ್ತೇವೆ. ಗಾದಿಯೊಳಗಿನ ತೂಕವನ್ನು ನಮ್ಮ ಧಂದೆಯಲ್ಲಿ ಯಾರೂ ಬರೆದು ಕೊಡುವುದಿಲ್ಲ. ಬರೆದರೆ ತಕ್ಕಡಿ ತರುತ್ತಾರೆ ಎನ್ನುವ ಅಂಜಿಕೆ. ಕಡೆಯಲ್ಲಿ "ಇದೇ ಕೊನೆಯ ದರ" ಎಂದು ಬರೆದು ಸಹಿ ಹಾಕಿದೆ. ಅಂಗಡಿಯ ಬೀಗದ ಕೈ ಯಾರಿಗೋ ಕೊಟ್ಟ ಹಾಗಾಯಿತು.

ಹತ್ತು ದಿನಕ್ಕೆ ವಾರ್ಡನ್ ಕರೆಸಿದರು. ಮೇಜಿನ ಮೇಲೆ ನನ್ನ ಪತ್ರ ಬಿಚ್ಚಿಟ್ಟಿದ್ದರು. ಇನ್ನೊಬ್ಬರು ಒಂದು ಗಾದಿಗೆ ನನಗಿಂತ ಹದಿನೈದು ರೂಪಾಯಿ ಕಡಿಮೆ ಬರೆದಿದ್ದರು, ಆದರೆ ಅದರಲ್ಲಿ ತೂಕ ಇರಲಿಲ್ಲ. ಹೋದ ವರ್ಷ ತೆಗೆದುಕೊಂಡ ಗಾದಿಗಳೋ ಆರು ತಿಂಗಳಿಗೆ ರೊಟ್ಟಿಯ ಹಾಗೆ ತೆಳ್ಳಗಾಗಿದ್ದವು. ತೂಕ ಬರೆದವರಿಗೇ ಕೊಡೋಣ ಎಂದು ಕಮಿಟಿಯವರಿಗೂ ಮನಸ್ಸಿದೆ, ಆದರೆ ದರ ಮಾತ್ರ ಸರಿದೂಗಬೇಕು ಎಂದರು.

"ಹದಿನೈದು ರೂಪಾಯಿ ಇಳಸ್ರಿ. ಇವತ್ತ ಆರ್ಡರ್ ಬರಕೊಡ್ತೀನಿ."

ನೋಡಿ, ನನ್ನ ಆಯುಷ್ಯದಲ್ಲಿ ಮೊದಲ ಸಲ ಯಾರೋ ನನ್ನ ಜೊತೆ ಚೌಕಾಶಿಗೆ ಕುಳಿತಾಗ ನನ್ನ ಕಿಸೆಯಲ್ಲಿ ಇಳಿಸಲು ಏನೂ ಉಳಿದಿರಲಿಲ್ಲ. ಹೂಂ ಎಂದರೆ ಏಳು ಕಿಲೋ ಆರಾಗುತ್ತದೆ. ಒಲ್ಲೆ ಎಂದರೆ ಮಷೀನು ಹೋಗುತ್ತದೆ.

"ಹತ್ತಿ ಕಡಿಮಿ ಮಾಡಿದ್ರ ಇಳೀತದ್ರಿ ಅಕ್ಕಾರ" ಎಂದೆ. "ಹಂಗ ಬ್ಯಾರೆ ಬರಕೊಡ್ಲೇನು?"

ಅವರು ಪತ್ರ ಮಡಿಸಿ ಬದಿಗಿಟ್ಟರು. ನಾನು ಎದ್ದೆ. ಚೌಕಾಶಿಯಲ್ಲಿ ಎದ್ದು ನಿಲ್ಲುವುದು ನನಗೆ ಹೊಸದಲ್ಲ, ಆದರೆ ಅವತ್ತು ಖರೇನೇ ಹೊರಟಿದ್ದೆ. ಬಾಗಿಲವರೆಗೂ ಹೋದೆ.

"ಕೂಡ್ರಿ, ಕೂಡ್ರಿ" ಎಂದರು. "ಎಂಬತ್ತೂ ತೂಗಿ ತೊಗೋತೀನಿ, ಹೇಳಿರ್ತೀನಿ."

ತೂಗಿಯೇ ತೆಗೆದುಕೊಂಡರು. ಆ ಮಳೆಗಾಲ ಬಿಸಿಲು ಬಿದ್ದ ದಿನವೆಲ್ಲ ಹತ್ತಿ ಒಣಗಿಸಿ, ಮೋಡದ ದಿನ ಹಿಂಜಿದೆ. ಮಷೀನು ಒಂದು ದಿನವೂ ಸುಮ್ಮನೆ ಕೂಡಲಿಲ್ಲ.

ಇಂಥ ಕೋರ್ಸಿಗೆ ನೀವೂ ಸೇರುವವರಿದ್ದರೆ ನನ್ನ ಮಾತು ಕೇಳಿ. ಫೀ ಇಳಿಸುತ್ತಾರೇನೋ ಎಂದು ಸಮಯ ಹಾಳು ಮಾಡಬೇಡಿ. ಅದರ ಬದಲು ನಿಮ್ಮದೇ ಒಂದು ಖರೇ ಪತ್ರ ಒಯ್ದು, ಇದನ್ನು ತಿದ್ದಿಕೊಡಿ ಎಂದು ಪಟ್ಟು ಹಿಡಿಯಿರಿ. ಪುಸ್ತಕದೊಳಗಿನ ಪತ್ರ ಹತ್ತು ತಿದ್ದಿಸಿಕೊಂಡರೂ ಅಷ್ಟು ಬುದ್ಧಿ ಬರುವುದಿಲ್ಲ. ಸಣ್ಣ ಹುಡುಗರು ನಕ್ಕರೆ ನಗಲಿ, ಮುಂದಿನ ಬೆಂಚಿನಲ್ಲೇ ಕೂಡಿರಿ. ದರ ಬರೆಯುವ ಮೊದಲು, ಇದಕ್ಕಿಂತ ಒಂದು ರೂಪಾಯಿ ಕಡಿಮೆಗೆ ಕೇಳಿದರೆ ಎದ್ದು ಬರುತ್ತೇನೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಏಳುವವರಲ್ಲದಿದ್ದರೆ "ಕೊನೆಯ ದರ" ಎಂದು ಬರೆಯಲೇಬೇಡಿ. ಕೊಡಲಾಗದ ತೂಕವನ್ನಂತೂ ಬರೆಯಬೇಡಿ. ಕಳಿಸುವ ಪತ್ರದ ಒಂದು ಪ್ರತಿ ಇಟ್ಟುಕೊಳ್ಳಿ, ಮತ್ತು ಕಡೆಯ ದಿನದವರೆಗೆ ಕಾಯದೆ ನಾಲ್ಕು ದಿನ ಮೊದಲೇ ನೀವೇ ಒಯ್ದು ಕೊಟ್ಟು, ಮುಟ್ಟಿತು ಎಂದು ಆ ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡು ಬನ್ನಿ.