ದೊಡ್ಡವ್ವನಿಗೆ ಹೇಳಿದ ಹೃದಯದ ಪಾಠ

ನರ್ಸಿಂಗ್ ಮೊದಲ ವರ್ಷ ನಾನು ಅಂಗರಚನೆಯಲ್ಲಿ ಫೇಲಾದೆ. ಪುಸ್ತಕವನ್ನು ಮೂರು ಸಲ ಓದಿದ್ದೆ. ಮುಖ್ಯವೆನಿಸಿದ ಸಾಲುಗಳಿಗೆ ಹಳದಿ ಬಣ್ಣ ಬಳಿಯುತ್ತ ಹೋಗಿ, ಮೂರನೆಯ ಸಲ ಮುಗಿಯುವಷ್ಟರಲ್ಲಿ ಇಡೀ ಪುಸ್ತಕ ಹಳದಿಯಾಗಿತ್ತು.

ವಿಜಯಪುರದ ಜಲನಗರದ ನಮ್ಮ ಮನೆಗೆ ಬಂದವರೆಲ್ಲ ಚಹಾಕ್ಕಿಂತ ಮೊದಲು ರಿಸಲ್ಟು ಕೇಳುತ್ತಿದ್ದರು. ಹಾಗಾಗಿ ಮರುಪರೀಕ್ಷೆಗೆ ಓದಲು ಮಮದಾಪುರಕ್ಕೆ, ಅವ್ವನ ಅಕ್ಕನ ಮನೆಗೆ ಹೋದೆ. ದೊಡ್ಡವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹದಿನಾಲ್ಕು ಆಡು ಸಾಕಿದ್ದಳು. ಅವಳು ಕೆರೆಯ ಏರಿಯ ಮೇಲೆ ಆಡು ಮೇಯಿಸುವಾಗ ನಾನು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ.

ಎರಡನೆಯ ದಿನ ಅವಳಿಗೆ ಸಾಕಾಯಿತು.

"ತಂಗೀ, ಒದರಬ್ಯಾಡ. ಪುಸ್ತಕ ಮುಚ್ಚಿ, ಅದರಾಗ ಏನೈತಿ ಅಂತ ನನಗ ಹೇಳು."

ಮುಚ್ಚಿದೆ. ಹೃದಯದಲ್ಲಿ ನಾಲ್ಕು ಕೋಣೆಗಳಿವೆ, ಮೇಲಿನ ಕೋಣೆಗಳಿಂದ ರಕ್ತ ಕೆಳಗಿನವಕ್ಕೆ ಬರುತ್ತದೆ ಎಂದೆ. ಮುಂದಿನದು ನೆನಪಾಗಲಿಲ್ಲ.

"ಮ್ಯಾಲಿನ ಕೋಣಿಯಿಂದ ರಕ್ತ ಕೆಳಗ ಬರ್ತೈತಿ ಅಂತಿ. ಹೃದಯ ಹಿಂಡಿದಾಗ ಅದು ತಿರುಗಿ ಮ್ಯಾಲ ಯಾಕ ಹೋಗಂಗಿಲ್ಲ?"

ಪುಸ್ತಕ ತೆರೆದು ನೋಡಿದೆ. ಕೋಣೆಗಳ ನಡುವೆ ಒಂದೇ ಕಡೆ ತೆರೆಯುವ ಕವಾಟಗಳಿದ್ದವು. ಅವುಗಳ ಮೇಲೆ ಮೂರು ಸಲ ಹಳದಿ ಬಳಿದಿದ್ದವಳು ನಾನೇ.

ಮರುದಿನ ಹೊಸ ಪಾಠ ಶುರು ಮಾಡಲು ಬಿಡದೆ ಹಿಂದಿನ ದಿನದ್ದನ್ನೇ ಕೇಳಿದಳು. ಕೋಲಿನಿಂದ ಮಣ್ಣಿನ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದೆ.

"ನಿನ್ನಿ ಈ ಎರಡು ಪದರಿನ ಕವಾಟ ಎಡಕ್ಕೈತಿ ಅಂದಿದ್ದೆಲ್ಲ?" ಎಂದಳು. ಎಡಕ್ಕೇ ಇರಬೇಕಿತ್ತು. ಒರೆಸಿ ಮತ್ತೆ ಬರೆದೆ.

ಆಮೇಲೆ ಪಾಠ ಓದುವ ಮೊದಲೇ ಅವಳು ಏನು ಕೇಳಬಹುದು ಎಂದು ಯೋಚಿಸಿ ಚೀಟಿಯಲ್ಲಿ ಬರೆದುಕೊಳ್ಳತೊಡಗಿದೆ. ಒಂದು ದಿನಕ್ಕೆ ಎರಡು ಪುಟವೂ ಮುಗಿಯುತ್ತಿರಲಿಲ್ಲ. ಆದರೆ ಮುಗಿದದ್ದು ವಾರದ ನಂತರವೂ ನೆನಪಿರುತ್ತಿತ್ತು. ಮೂತ್ರಪಿಂಡದ ಪಾಠವನ್ನು ಮಾತ್ರ ಅವಳು ಕೇಳಲಿಲ್ಲ. "ಆಡಿನಾಗೂ ಐತಿ, ಕೊಯ್ದಾಗ ನೋಡೇನಿ" ಎಂದಳು. ನಾನೂ ಅದನ್ನು ಅಷ್ಟಕ್ಕೇ ಬಿಟ್ಟೆ.

ಪರೀಕ್ಷೆಯಲ್ಲಿ ಹೃದಯದ ಪ್ರಶ್ನೆಗೆ ಮೂರು ಪುಟ ಬರೆದೆ. ಮೂತ್ರಪಿಂಡಕ್ಕೆ ನಾಲ್ಕು ಸಾಲು. ಪಾಸಾದೆ.

ಫೋನಿನಲ್ಲಿ ಹೇಳಿದಾಗ ದೊಡ್ಡವ್ವ, "ಆಗ್ಲೇಬೇಕಲ್ಲ, ಎಷ್ಟ್ ಸಲ ಹೇಳಿದಿ" ಎಂದಳು. ನಂತರ ತನ್ನ ಸುದ್ದಿ ತೆಗೆದಳು. ಬಬಲೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಓಣಿಯವನೊಬ್ಬ ಎದೆ ಹಿಡಿದುಕೊಂಡು ಕುಳಿತಿದ್ದನಂತೆ. ಇವಳು ಅವನಿಗೆ ನಾಲ್ಕು ಕೋಣೆ, ಕವಾಟ ಎಲ್ಲವನ್ನೂ ವಿವರಿಸಿದ್ದಾಳೆ. ಹೆದರಿದ ಆತ ಊರಿಗೆ ತಿರುಗಿ ಹೋಗದೆ ನೇರವಾಗಿ ವಿಜಯಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ್ದಾನೆ.

"ಏನಂದ್ರಂತಬೇ?" ಎಂದೆ.

"ಗ್ಯಾಸ್ ಅಂತ. ಹೊಟ್ಟೀದು ನೀ ನನಗ ಹೇಳೇ ಇಲ್ಲಲ್ಲ."